ಫ್ಲೈಬಾರ್ ಇಲ್ಲದ ಹೆಲಿಗೆ ಎಫ್‌ಬಿಎಲ್ ಯೂನಿಟ್ ಕೂರಿಸುವುದು: ಮೇಜಿನಿಂದ ಮೊದಲ ಹೋವರ್‌ವರೆಗೆ

ನನ್ನ 450 ಸೈಜಿನ ಹೆಲಿ, ಅಂದರೆ ರೇಡಿಯೊದಿಂದ ಹಾರಿಸುವ ಪುಟ್ಟ ಹೆಲಿಕಾಪ್ಟರ್, ನೆಲ ಬಿಟ್ಟು ಒಂದಡಿ ಎದ್ದಿತ್ತು, ಅಷ್ಟೇ. ಮರುಕ್ಷಣ ಬುಗುರಿಯ ಹಾಗೆ ಗಿರಗಿರ ತಿರುಗಿ ಪಕ್ಕದ ರಾಗಿ ಕೂಳೆಯಲ್ಲಿ ಬಿತ್ತು. ಮೇನ್ ಬ್ಲೇಡ್ ಎರಡೂ ಹೋದವು, ಮೇನ್ ಶಾಫ್ಟ್ ಬಾಗಿತು, ಟೇಲ್ ಬೂಮ್ ಮುರಿಯಿತು. ಹಿಂದಿನ ರಾತ್ರಿ ಟೇಲ್ ಸರ್ವೊ (ಬಾಲದ ಬ್ಲೇಡ್‌ಗಳ ಓರೆ ಬದಲಿಸುವ ಪುಟ್ಟ ಮೋಟರ್) ಬದಲಾಯಿಸಿದ್ದೆ. ಹೊಸ ಸರ್ವೊ ಹಳೆಯದಕ್ಕೆ ಉಲ್ಟಾ ತಿರುಗುತ್ತಿತ್ತು. ರೇಡಿಯೊದಲ್ಲಿ, ಅಂದರೆ ಕೈಯಲ್ಲಿ ಹಿಡಿಯುವ ರಿಮೋಟಿನಲ್ಲಿ, ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಸ್ಟಿಕ್) ರಿವರ್ಸ್ ಮಾಡಿದೆ, ಸ್ಟಿಕ್ ಸರಿಯಾಯಿತು, ದೀಪ ಆರಿಸಿ ಮಲಗಿದೆ. ಆದರೆ ಹೆಲಿಯನ್ನು ಸ್ಥಿರವಾಗಿಡುವ ಎಫ್‌ಬಿಎಲ್ (ಫ್ಲೈಬಾರ್‌ಲೆಸ್) ಯೂನಿಟ್ ಒಳಗಿನ ಸೆನ್ಸರ್ ದಿಕ್ಕು ಹಳೆಯ ಸರ್ವೊಗೆ ಹೊಂದುವ ಹಾಗೇ ಉಳಿದಿತ್ತು. ಮೂತಿ ಸ್ವಲ್ಪ ಎಡಕ್ಕೆ ತಿರುಗಿದ್ದೇ ತಡ, ತಡೆಯಬೇಕಾದ ಯೂನಿಟ್ ಇನ್ನಷ್ಟು ಎಡಕ್ಕೇ ತಳ್ಳಿತು.

ಯೂನಿಟ್ ಕೆಟ್ಟಿರಲಿಲ್ಲ. ನಾನು ಹೇಳಿಕೊಟ್ಟಿದ್ದನ್ನೇ ಚಾಚೂ ತಪ್ಪದೆ ಮಾಡಿತ್ತು. ಎಫ್‌ಬಿಎಲ್ ಸೆಟಪ್ ಅಂದರೆ ಇಷ್ಟೇ: ಕಣ್ಣಿಲ್ಲದ ಒಂದು ಪೆಟ್ಟಿಗೆಗೆ ನಿಮ್ಮ ಹೆಲಿ ಹೇಗಿದೆ ಅಂತ ಸರಿಯಾಗಿ ಹೇಳುವುದು. ಮೇಜಿನ ಮೇಲೆ ತಪ್ಪು ಹೇಳಿದರೆ ಗಾಳಿಯಲ್ಲಿ ಗೊತ್ತಾಗುತ್ತದೆ.

ಈ ಪೆಟ್ಟಿಗೆ ಮಾಡುವ ಕೆಲಸ

ಹಳೆಯ ಹೆಲಿಗಳಲ್ಲಿ ಮೇನ್ ಬ್ಲೇಡ್‌ಗಳಿಗೆ ಅಡ್ಡಲಾಗಿ ಒಂದು ಕಂಬಿ, ಅದರ ತುದಿಗಳಲ್ಲಿ ಎರಡು ಪುಟ್ಟ ಪ್ಯಾಡಲ್ ಇರುತ್ತಿದ್ದವು. ಅದೇ ಫ್ಲೈಬಾರ್. ತಿರುಗುತ್ತಿರುವ ಆ ಕಂಬಿ ತಾನಿದ್ದ ಮಟ್ಟ ಬಿಡಲು ಒಪ್ಪುವುದಿಲ್ಲ, ಅದರಿಂದ ಹೆಲಿ ಸ್ಥಿರವಾಗಿರುತ್ತಿತ್ತು. ಕಂಬಿ ತೆಗೆದರೆ ಅದಕ್ಕೆ ಸೇರಿದ ಬಿಡಿಭಾಗಗಳೂ ಹೋಗುತ್ತವೆ, ರೋಟರ್ ಹಗುರವಾಗುತ್ತದೆ, ಶಕ್ತಿಯೂ ಉಳಿಯುತ್ತದೆ. ಆದರೆ ಆ ಕೆಲಸ ಯಾರಾದರೂ ಮಾಡಬೇಕಲ್ವಾ? ಯೂನಿಟ್ ಒಳಗಿರುವ ಮೂರು ಗೈರೊಗಳು ಹೆಲಿ ಮೂರು ಅಕ್ಷಗಳಲ್ಲಿ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಅಳೆಯುತ್ತವೆ. ನೀವು ಸ್ಟಿಕ್‌ನಲ್ಲಿ ಕೇಳಿದ ವೇಗಕ್ಕೂ ನಿಜವಾದ ವೇಗಕ್ಕೂ ವ್ಯತ್ಯಾಸ ಕಂಡರೆ ಯೂನಿಟ್ ಸರ್ವೊಗಳನ್ನು ಆಡಿಸಿ ಸರಿಪಡಿಸುತ್ತದೆ.

ಇದು ಡ್ರೋನ್ ಥರ ಅಲ್ಲ. ಸ್ಟಿಕ್ ಬಿಟ್ಟರೆ ಹೆಲಿ ಇದ್ದ ಓರೆಯಲ್ಲೇ ಇರುತ್ತದೆ, ಆ ಓರೆಯ ಕಡೆಗೆ ಜಾರಿಕೊಂಡು ಹೋಗುತ್ತದೆ. ಕೆಲವು ಯೂನಿಟ್‌ಗಳಲ್ಲಿ ಸ್ವಿಚ್ ಒತ್ತಿದರೆ ಹೆಲಿಯನ್ನು ಮಟ್ಟಕ್ಕೆ ತರುವ ರೆಸ್ಕ್ಯೂ ಅಂತ ಇರುತ್ತದೆ, ಅದು ಬೇರೆ ವಿಷಯ.

ಮೈಕ್ರೊಬೀಸ್ಟ್, ವಿಬಾರ್, ಸ್ಪಿರಿಟ್, ಐಕಾನ್, ಓಪನ್ ಸೋರ್ಸ್ ರೋಟರ್‌ಫ್ಲೈಟ್, ಯಾವುದೇ ಇರಲಿ, ಹೆಜ್ಜೆಗಳು ಹೆಚ್ಚುಕಡಿಮೆ ಒಂದೇ. ಮೈಕ್ರೊಬೀಸ್ಟ್‌ನಲ್ಲಿ ಎ ಯಿಂದ ಎನ್ ವರೆಗೆ ಮೆನು, ಒಂದು ಬಟನ್, ಬಣ್ಣ ಬದಲಿಸುವ ಒಂದು ದೀಪ. ಉಳಿದವಕ್ಕೆ ಹೆಚ್ಚಾಗಿ ಕಂಪ್ಯೂಟರ್ ಅಥವಾ ಮೊಬೈಲ್ ಪರದೆ. ಇಲ್ಲಿ 120 ಡಿಗ್ರಿ ಸ್ವಾಶ್‌ಪ್ಲೇಟ್ (ಮೂರು ಸರ್ವೊ ಸೇರಿ ಎತ್ತಿ ವಾಲಿಸಿದಾಗ ಮೇನ್ ಬ್ಲೇಡ್‌ಗಳ ಓರೆ ಬದಲಿಸುವ ತಟ್ಟೆ) ಇರುವ, 325 ಮಿ.ಮೀ. ಬ್ಲೇಡಿನ, ಕರೆಂಟ್ ಮೋಟರಿನ 450 ಹೆಲಿಯನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಮೊದಲು ಮೋಟರ್ ಬಿಚ್ಚಿ

ಇಎಸ್‌ಸಿಯಿಂದ (ಮೋಟರಿನ ವೇಗ ನಿಯಂತ್ರಿಸುವ ಭಾಗ) ಮೋಟರಿಗೆ ಹೋಗುವ ಮೂರು ವೈರ್ ಕಳಚಿ. ಮೂರೂ. ಮೋಟರ್ ನಿಲ್ಲಿಸುವ ಥ್ರಾಟಲ್ ಹೋಲ್ಡ್ ಸ್ವಿಚ್ ಇದೆಯಲ್ಲ ಅಂತ ಸುಮ್ನೆ ಇರಬೇಡಿ. ಈ ಸೈಜಿನ ರೋಟರ್ ನಿಮಿಷಕ್ಕೆ 2,600 ಸುತ್ತು ತಿರುಗಿದರೆ ಬ್ಲೇಡಿನ ತುದಿ ಗಂಟೆಗೆ ಸುಮಾರು 350 ಕಿ.ಮೀ. ವೇಗದಲ್ಲಿರುತ್ತದೆ. ಮೇಜಿನ ಮೇಲೆ ಅದು ತಿರುಗಬಾರದು.

ಪಿಚ್ ಗೇಜ್ (ಬ್ಲೇಡಿನ ಓರೆ, ಅಂದರೆ ಪಿಚ್, ಅಳೆಯುವ ಸಾಧನ), ಸ್ವಾಶ್ ಲೆವೆಲರ್, 1.5 ಮತ್ತು 2 ಮಿ.ಮೀ. ಹೆಕ್ಸ್ ಡ್ರೈವರ್, ಬಾಲ್ ಲಿಂಕ್ ಬಿಚ್ಚುವ ಇಕ್ಕಳ, ನೀಲಿ ಥ್ರೆಡ್‌ಲಾಕ್, ಗೈರೊ ಟೇಪ್. ಇಷ್ಟು ಸಾಕು.

ಕೈಯಲ್ಲಿ ಹಿಡಿದು ನೋಡುವ ಕೆಲಸ

ಯೂನಿಟ್ ಮುಟ್ಟುವ ಮೊದಲು ಹೆಲಿಯನ್ನು ನೋಡಿ. ಸರ್ವೊಗಳಿಂದ ಸ್ವಾಶ್‌ಗೆ ಹೋಗುವ ಲಿಂಕ್‌ಗಳನ್ನು ಒಂದೊಂದಾಗಿ ಕಳಚಿ, ಸ್ವಾಶ್‌ಪ್ಲೇಟನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಬೆಣ್ಣೆಯಂತೆ ಜಾರಬೇಕು. ಎಲ್ಲಾದರೂ ಹಿಡಿದರೆ ಬಾಲ್ ಲಿಂಕ್ ಬಿಗಿಯಾಗಿದೆ ಅಂತ ಅರ್ಥ. ಲಿಂಕನ್ನು ಬಾಲ್ ಮೇಲೆ ಕೂರಿಸಿದ ಮೇಲೆ ಅದು ತನ್ನ ಭಾರಕ್ಕೇ ಕೆಳಗೆ ಬೀಳಬೇಕು, ಆದರೆ ಲೊಡಲೊಡ ಅನ್ನಬಾರದು. ಹೊಸ ಕಿಟ್‌ಗಳಲ್ಲಿ ಬಿಗಿ ಜಾಸ್ತಿ, ಹಳೆಯವುಗಳಲ್ಲಿ ಸಡಿಲ ಜಾಸ್ತಿ.

ಟೇಲ್ ಬ್ಲೇಡ್‌ಗಳ ಓರೆ ಬದಲಿಸಲು ಆಚೀಚೆ ಜಾರುವ ಟೇಲ್ ಸ್ಲೈಡರ್‌ಗೂ ಇದೇ ಪರೀಕ್ಷೆ. ಸರ್ವೊ ಕಡೆಯ ಲಿಂಕ್ ಕಳಚಿ ಟೇಲ್ ರಾಡನ್ನು ಎರಡು ಬೆರಳಲ್ಲಿ ಹಿಡಿದು ತಳ್ಳಿ, ಎಳೆಯಿರಿ. ಇಲ್ಲಿ ಸ್ವಲ್ಪ ಹಿಡಿತ ಇದ್ದರೂ ಗಾಳಿಯಲ್ಲಿ ಟೇಲ್ ನಡುಗುತ್ತದೆ. ಆಮೇಲೆ ನೀವು ಅದನ್ನು ಗೇನ್ (ಯೂನಿಟ್ ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಸಂಖ್ಯೆ) ಸಮಸ್ಯೆ ಅಂದುಕೊಂಡು ವಾರಗಟ್ಟಲೆ ಸಂಖ್ಯೆಗಳ ಹಿಂದೆ ಬೀಳುತ್ತೀರಿ. ನಾನೂ ಬಿದ್ದಿದ್ದೇನೆ.

ಬೆಲ್ಟ್‌ನಿಂದ ತಿರುಗುವ ಟೇಲ್ ಇದ್ದರೆ ಇನ್ನೊಂದು ಮಾತು. ಒಣಗಾಳಿಯಲ್ಲಿ ಬೆಲ್ಟ್ ಉಜ್ಜಿ ಸ್ಟ್ಯಾಟಿಕ್ ಕರೆಂಟ್ ಕೂಡಿಕೊಳ್ಳುತ್ತದೆ, ಚಿಟಕ್ ಅಂತ ಹಾರಿದರೆ ಯೂನಿಟ್ ಅಥವಾ ಸರ್ವೊ ಬೆಚ್ಚಿಬೀಳುತ್ತದೆ. ಬೂಮ್‌ನಿಂದ ಮೋಟರ್ ಮೌಂಟಿಗೆ ಒಂದು ತೆಳ್ಳನೆ ವೈರ್ ಎಳೆದುಬಿಡಿ. ಬೂಮಿನ ಬಣ್ಣ ಕೆರೆದು ಲೋಹಕ್ಕೇ ತಾಗಿಸಬೇಕು, ಇಲ್ಲದಿದ್ದರೆ ಕಟ್ಟಿಯೂ ಪ್ರಯೋಜನವಿಲ್ಲ.

ಅಂಟಿಸುವುದು, ವೈರ್ ಹಾಕುವುದು

ಯೂನಿಟ್ ಕೂರುವ ಜಾಗ ಸಮತಟ್ಟಾಗಿರಬೇಕು, ಮೇನ್ ಶಾಫ್ಟಿಗೆ ನೇರ ಲಂಬವಾಗಿರಬೇಕು. ಓರೆಯಾಗಿ ಅಂಟಿಸಿದರೆ ಹೆಲಿ ಜಾಗದಲ್ಲೇ ಸುತ್ತುವಾಗ ಟೇಲ್ ಅಕ್ಷದ ಚಲನೆ ಬೇರೆ ಅಕ್ಷಗಳಿಗೂ ಸೋರುತ್ತದೆ. ಜಾಗವನ್ನು ಸರ್ಜಿಕಲ್ ಸ್ಪಿರಿಟ್‌ನಿಂದ ಒರೆಸಿ, ಗೈರೊ ಟೇಪ್ ಹಾಕಿ ಒತ್ತಿ ಹಿಡಿಯಿರಿ. ಮೇಲೆ ಪಟ್ಟಿ ಬಿಗಿದು ಕಟ್ಟಬೇಡಿ. ಟೇಪಿನ ಮೆತ್ತನೆ ಗುಣ ನಡುಕ ತಡೆಯುವುದಕ್ಕೇ ಇರುವುದು. ಅದೇ ಕಾರಣಕ್ಕೆ ವೈರ್‌ಗಳನ್ನೂ ಸ್ವಲ್ಪ ಸಡಿಲ ಬಿಡಿ. ಬಿಗಿಯಾದ ವೈರ್ ಫ್ರೇಮಿನ ನಡುಕವನ್ನು ನೇರ ಯೂನಿಟ್‌ಗೆ ಹೊತ್ತು ತರುತ್ತದೆ. ಅಂಟಿಸಿದ ಮೇಲೆ ಯಾವ ಮುಖ ಮೇಲಿದೆ, ಕನೆಕ್ಟರ್ ಯಾವ ಕಡೆಗಿದೆ ಅಂತ ಮೆನುವಿನಲ್ಲಿ ತಿಳಿಸಿ. ಯೂನಿಟ್‌ಗೆ ನೀವು ಹೇಳುವ ಮೊದಲ ಮಾತು ಇದು.

ವಿದ್ಯುತ್ ವಿಷಯದಲ್ಲಿ ಜಿಪುಣತನ ಬೇಡ. ನಾಲ್ಕು ಡಿಜಿಟಲ್ ಸರ್ವೊ ಒಟ್ಟಿಗೆ ಎಳೆದಾಗ ಬಿಇಸಿ (ಯೂನಿಟ್‌ಗೂ ಸರ್ವೊಗಳಿಗೂ ಕರೆಂಟ್ ಕೊಡುವ ಭಾಗ) ಸೊರಗಿದರೆ ಯೂನಿಟ್ ಗಾಳಿಯಲ್ಲೇ ರೀಸ್ಟಾರ್ಟ್ ಆಗುತ್ತದೆ. ಅದು ಏಳುವಷ್ಟರಲ್ಲಿ ಹೆಲಿ ನೆಲದಲ್ಲಿರುತ್ತದೆ. ಹಾಗೇ ಸರ್ವೊಗಳು 6 ವೋಲ್ಟ್‌ನವೋ ಹೈ ವೋಲ್ಟೇಜ್‌ನವೋ ನೋಡಿಯೇ ಬಿಇಸಿ ಹೊಂದಿಸಿ.

ರೇಡಿಯೊ: ಬುದ್ಧಿವಂತಿಕೆ ಎಲ್ಲ ತೆಗೆದುಹಾಕಿ

ರೇಡಿಯೊದಲ್ಲಿ ಹೊಸ ಮಾಡೆಲ್ ತೆರೆಯಿರಿ. ಹಳೆಯದನ್ನು ಕಾಪಿ ಮಾಡಬೇಡಿ, ಎಲ್ಲೋ ಒಂದು ಮಿಕ್ಸ್ (ಒಂದು ಚಾನೆಲ್ ಇನ್ನೊಂದನ್ನೂ ಆಡಿಸುವ ಹೊಂದಿಕೆ) ಅಡಗಿರುತ್ತದೆ. ಸ್ವಾಶ್ ಟೈಪ್ ಒಂದೇ ಸರ್ವೊ ಇರುವ ಸಾದಾ ಬಗೆಗೆ ಇಡಿ. 120 ಡಿಗ್ರಿ ಲೆಕ್ಕವನ್ನು ಯೂನಿಟ್ ಮಾಡುತ್ತದೆ, ರೇಡಿಯೊವೂ ಮಾಡಿದರೆ ಎರಡೆರಡು ಸಲ ಆಗುತ್ತದೆ. ಟ್ರಿಮ್, ಸಬ್‌ಟ್ರಿಮ್ (ಸ್ಟಿಕ್ಕಿನ ನಡುವನ್ನು ಕೊಂಚ ಸರಿಸುವ ತಿದ್ದುಪಡಿಗಳು) ಎಲ್ಲ ಸೊನ್ನೆ. ಟ್ರಾವೆಲ್ 100. ಟೇಲ್ ಮಿಕ್ಸ್ ಇದ್ದರೆ ಆಫ್.

ಟ್ರಿಮ್ ಬಗ್ಗೆ ಬಿಡಿಸಿ ಹೇಳಬೇಕು. ಫ್ಲೈಬಾರ್ ಹೆಲಿಯಲ್ಲಿ ಟ್ರಿಮ್ ಒತ್ತಿದರೆ ಸ್ವಾಶ್ ಸ್ವಲ್ಪ ವಾಲುತ್ತಿತ್ತು, ಮುಗಿಯಿತು. ಇಲ್ಲಿ ಸ್ಟಿಕ್ ಹೇಳುವುದು ಓರೆಯನ್ನಲ್ಲ, ತಿರುಗುವ ವೇಗವನ್ನು. ಏಲರಾನ್ (ಪಕ್ಕಕ್ಕೆ ಉರುಳಿಸುವ) ಟ್ರಿಮ್ ಎರಡು ಹೆಜ್ಜೆ ಬಲಕ್ಕೆ ಒತ್ತಿದರೆ ‘ನಿಧಾನವಾಗಿ ಬಲಕ್ಕೆ ಉರುಳುತ್ತಾ ಇರು’ ಅಂತ ಯೂನಿಟ್‌ಗೆ ಹೇಳಿದ ಹಾಗೆ. ಅದು ಪಾಲಿಸುತ್ತದೆ. ಅದಕ್ಕೇ ಮಟ್ಟದ ತಿದ್ದುಪಡಿ ಏನಿದ್ದರೂ ಯೂನಿಟ್ ಒಳಗೆ, ರೇಡಿಯೊದಲ್ಲಿ ಅಲ್ಲ.

ಗೇನ್‌ಗೆ ಒಂದು ಚಾನೆಲ್, ಥ್ರಾಟಲ್ ಹೋಲ್ಡ್‌ಗೆ ಒಂದು ಸ್ವಿಚ್ ಕೊಡಿ. ಸಿಗ್ನಲ್ ಹೋದರೆ ಮೋಟರ್ ನಿಲ್ಲುವಂತೆ ಫೇಲ್‌ಸೇಫ್ ಇಡಿ, ಮುಂದೆ ಮೋಟರ್ ವೈರ್ ಮತ್ತೆ ಹಾಕಿದ ಮೇಲೆ, ಬ್ಲೇಡ್ ಬಿಚ್ಚಿಟ್ಟು, ರೇಡಿಯೊ ಆಫ್ ಮಾಡಿ ನಿಜವಾಗಿ ನಿಲ್ಲುತ್ತದೆಯಾ ಅಂತ ಪರೀಕ್ಷಿಸಿ.

ಪವರ್ ಕೊಟ್ಟಾಗ ಹೆಲಿಯನ್ನು ಅಲುಗಿಸಬೇಡಿ. ಸೆನ್ಸರ್‌ಗಳು ಆ ಹೊತ್ತಿನಲ್ಲಿ ‘ನಾನೀಗ ಸುಮ್ಮನಿದ್ದೇನೆ’ ಅಂತ ಗುರುತು ಹಾಕಿಕೊಳ್ಳುತ್ತವೆ. ಸ್ವಾಶ್ ಒಮ್ಮೆ ಕುಣಿದರೆ ಅಥವಾ ದೀಪ ಮಿನುಗುವುದು ನಿಂತರೆ ಯೂನಿಟ್ ಸಿದ್ಧ.

ಸರ್ವೊ ಸಂಖ್ಯೆಗಳು

ಇಲ್ಲಿ ತಪ್ಪಿದರೆ ಸರ್ವೊ ಸುಡುತ್ತದೆ. ಸ್ವಾಶ್‌ನ ಮೂರು ಸರ್ವೊಗಳು ಸಾಮಾನ್ಯವಾಗಿ 1,520 ಮೈಕ್ರೊಸೆಕೆಂಡಿನವು (ಸರ್ವೊವನ್ನು ನಡುವಿಗೆ ತರುವ ಸಿಗ್ನಲ್ ಅಷ್ಟು ಹೊತ್ತು ಇರುತ್ತದೆ). ಟೇಲ್ ಸರ್ವೊ 1,520 ಇರಬಹುದು, 760 ಇರಬಹುದು. 760ರ ಸರ್ವೊಗೆ 1,520 ಕೊಟ್ಟರೆ ಒಂದು ತುದಿಗೆ ಹೋಗಿ ಗುಂಯ್ ಅಂತ ಕೂಗುತ್ತಾ ನಿಲ್ಲುತ್ತದೆ. ತಕ್ಷಣ ಬ್ಯಾಟರಿ ಕಳಚಿ.

ಸೆಕೆಂಡಿಗೆ ಎಷ್ಟು ಸಲ ಆದೇಶ ಹೋಗಬೇಕು ಅನ್ನುವುದು ಎರಡನೇ ಸಂಖ್ಯೆ. ಅನಲಾಗ್ ಸರ್ವೊಗೆ 50 ಹರ್ಟ್ಜ್ ಆಸುಪಾಸು, ಡಿಜಿಟಲ್ ಟೇಲ್ ಸರ್ವೊಗೆ 333, 760ರ ಬಗೆಯದಕ್ಕೆ 560 ತನಕವೂ ಇರುತ್ತದೆ. ಜಾಸ್ತಿ ಇದ್ದಷ್ಟೂ ಹೆಲಿ ಚುರುಕು, ಹಾಗಂತ ಸರ್ವೊದ ಕೈಪಿಡಿಯಲ್ಲಿ ಬರೆದಿದ್ದಕ್ಕಿಂತ ಮೇಲೆ ಹೋಗಬೇಡಿ. ಕೈಪಿಡಿ ಇಲ್ಲದಿದ್ದರೆ ಕಡಿಮೆಯಿಂದ ಶುರು ಮಾಡಿ, ಐದು ನಿಮಿಷ ಬಿಟ್ಟು ಸರ್ವೊ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬಿಸಿ ಬಿಸಿ ಇದ್ದರೆ ಇಳಿಸಿ.

ಸ್ವಾಶ್ ಮಟ್ಟ, ಸೊನ್ನೆ ಪಿಚ್

ನಿಧಾನವಾಗಿ ಮಾಡಬೇಕಾದ ಕೆಲಸ ಇದು. ನನಗೆ ಈಗಲೂ ಒಂದು ಗಂಟೆ ಹಿಡಿಯುತ್ತದೆ.

ಸರ್ವೊ ಸೆಂಟರ್ ಮೆನುಗೆ ಹೋಗಿ. ಈಗ ಎಲ್ಲ ಸರ್ವೊಗಳೂ ನಟ್ಟ ನಡುವಿನಲ್ಲಿರುತ್ತವೆ. ಹಾರ್ನ್‌ಗಳನ್ನು (ಸರ್ವೊ ಮೇಲಿನ ಪುಟ್ಟ ಕೈಗಳು) ಲಿಂಕ್ ರಾಡಿಗೆ 90 ಡಿಗ್ರಿ ಬರುವ ಹಾಗೆ ಕೂರಿಸಿ. ಹಲ್ಲುಗಳು ಸರಿಯಾಗಿ ಕೂಡದೆ ಒಂದೆರಡು ಡಿಗ್ರಿ ಆಚೀಚೆ ಆಗುವುದು ಸಹಜ. ಹಾರ್ನ್ ತಿರುಗಿಸಿ ಬೇರೆ ಕೈಯಲ್ಲಿ ಪ್ರಯತ್ನಿಸಿ, ಅತಿ ಹತ್ತಿರ ಬರುವುದನ್ನು ಆರಿಸಿ ಉಳಿದ ಕೈಗಳನ್ನು ಕತ್ತರಿಸಿ. ಉಳಿದ ಚೂರುಪಾರು ಅಂತರವನ್ನು ಅದೇ ಮೆನುವಿನ ಟ್ರಿಮ್‌ನಲ್ಲಿ ಸರಿಮಾಡಿ. ಹಾರ್ನ್ ಸ್ಕ್ರೂ ಹಾಕುವುದನ್ನು ಮರೆಯಬೇಡಿ. ನಗಬೇಡಿ, ಮರೆಯುತ್ತಾರೆ.

ಈಗ ಸ್ವಾಶ್ ಟೈಪ್ 120 ಅಂತ ಹೇಳಿ, ಸರ್ವೊ ದಿಕ್ಕುಗಳನ್ನು ಹೊಂದಿಸಿ. ಕಲೆಕ್ಟಿವ್ ಸ್ಟಿಕ್ (ಎರಡೂ ಬ್ಲೇಡಿನ ಪಿಚ್ ಒಟ್ಟಿಗೆ ಬದಲಿಸಿ ಹೆಲಿಯನ್ನು ಏರಿಸಿ ಇಳಿಸುವುದು) ಮೇಲೆ ತಳ್ಳಿದರೆ ಮೂರೂ ಸರ್ವೊ ಸ್ವಾಶನ್ನು ಒಂದೇ ಕಡೆಗೆ ಒಯ್ಯಬೇಕು. ಉಳಿದವು ಒಂದು ಕಡೆ, ಒಂದು ಮಾತ್ರ ಬೇರೆ ಕಡೆ ಹೋದರೆ ಆ ಸರ್ವೊದ ದಿಕ್ಕು ಉಲ್ಟಾ. ಮೂರೂ ಒಟ್ಟಿಗೇ ಹೋಗಿಯೂ ಪಿಚ್ ಉಲ್ಟಾ ಬಂದರೆ ರೇಡಿಯೊದಲ್ಲಿ ಪಿಚ್ ಚಾನೆಲ್ ರಿವರ್ಸ್ ಮಾಡಿ. ಏಲರಾನ್, ಎಲಿವೇಟರ್‌ಗೂ (ಮುಂದೆ ಹಿಂದೆ ಬಾಗಿಸುವುದು) ಹಾಗೇ.

ಸ್ಟಿಕ್ ನಡುವಿನಲ್ಲಿಟ್ಟು, ರೋಟರ್ ಹೆಡ್ ಬಿಚ್ಚಿ, ಲೆವೆಲರ್ ಅನ್ನು ಶಾಫ್ಟ್ ಮೇಲೆ ಇಳಿಸಿ. ಮೂರು ಬಾಲ್‌ಗಳೂ ಅದಕ್ಕೆ ಒಟ್ಟಿಗೆ ತಾಗಬೇಕು. ತಾಗದಿದ್ದರೆ ಸರ್ವೊದಿಂದ ಸ್ವಾಶ್‌ಗೆ ಹೋಗುವ ಲಿಂಕಿನ ಉದ್ದ ತಿದ್ದಿ. ಟ್ರಿಮ್‌ನಿಂದ ಎಳೆದು ಮಟ್ಟ ಮಾಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ಹಾರ್ನ್ 90 ಡಿಗ್ರಿ ಬಿಟ್ಟರೆ ಸರ್ವೊ ಮೇಲಕ್ಕೂ ಕೆಳಕ್ಕೂ ಬೇರೆ ಬೇರೆ ಅಳತೆಯಲ್ಲಿ ಚಲಿಸುತ್ತದೆ.

ಹೆಡ್ ಮತ್ತೆ ಹಾಕಿ, ಸ್ವಾಶ್‌ನಿಂದ ಬ್ಲೇಡ್ ಹಿಡಿಗೆ ಹೋಗುವ ಲಿಂಕ್‌ಗಳನ್ನು ತಿದ್ದಿ ಪಿಚ್ ಸೊನ್ನೆಗೆ ತನ್ನಿ. ಗೇಜ್ ಮೇಲೆ ನಂಬಿಕೆ ಇಲ್ಲದಿದ್ದರೆ ಹಳೆಯ ಉಪಾಯ ಒಂದಿದೆ. ಎರಡೂ ಬ್ಲೇಡನ್ನು ಒಂದೇ ಕಡೆಗೆ ಮಡಚಿ ಅಕ್ಕಪಕ್ಕ ತನ್ನಿ. ಪಕ್ಕದಿಂದ ನೋಡಿದಾಗ ಎರಡೂ ಒಂದೇ ಮಟ್ಟದಲ್ಲಿ ಸಮವಾಗಿ ಕಂಡರೆ ಸೊನ್ನೆ. ಒಂದರ ಅಂಚು ಮೇಲೆದ್ದಿದ್ದರೆ ಆಗಿಲ್ಲ.

ಆರು ಡಿಗ್ರಿ, ಹನ್ನೊಂದು ಡಿಗ್ರಿ

ಸ್ಟಿಕ್ ಇಷ್ಟು ತಳ್ಳಿದರೆ ಬ್ಲೇಡ್ ನಿಜಕ್ಕೂ ಎಷ್ಟು ತಿರುಗುತ್ತದೆ ಅಂತ ಯೂನಿಟ್‌ಗೆ ಗೊತ್ತಿಲ್ಲ. ಅದಕ್ಕೊಂದು ಅಳತೆಗೋಲು ಕೊಡಬೇಕು. ಮೈಕ್ರೊಬೀಸ್ಟ್‌ನಲ್ಲಿ ಇದು ಜೆ ಮೆನು. ಬ್ಲೇಡನ್ನು ಟೇಲ್ ಬೂಮ್‌ಗೆ ಸಮಾನಾಂತರವಾಗಿ ನಿಲ್ಲಿಸಿ ಗೇಜ್ ಹಾಕಿ. ಏಲರಾನ್ ಸ್ಟಿಕ್ ಒತ್ತುತ್ತಾ ಗೇಜ್ ಸರಿಯಾಗಿ 6 ಡಿಗ್ರಿ ತೋರಿಸುವಲ್ಲಿ ನಿಲ್ಲಿಸಿ. ಅಲ್ಲಿ ದೀಪ ನೀಲಿ ಆದರೆ ಹಾರ್ನ್ ಉದ್ದ ಸರಿಯಿದೆ. ಬೇರೆ ಬಣ್ಣ ಬಂದರೆ ಹಾರ್ನ್ ಮೇಲೆ ಬಾಲ್ ಇರುವ ತೂತು ಬದಲಿಸಿ ಮತ್ತೆ ನೋಡಿ.

ಪಕ್ಕಕ್ಕೆ ವಾಲಿಸುವ ಏಲರಾನ್ ಅಳೆಯಲು ಬ್ಲೇಡ್ ಯಾಕೆ ಹಿಂದೆ ಮುಂದೆ ನಿಂತಿರಬೇಕು? ತಿರುಗುವ ರೋಟರ್ ಮೇಲೆ ಬಿದ್ದ ಬಲದ ಪರಿಣಾಮ ಸುಮಾರು 90 ಡಿಗ್ರಿ ತಡವಾಗಿ ಕಾಣುತ್ತದೆ. ಮೂತಿಯ ಮೇಲೆ ಎತ್ತಿದ ಬ್ಲೇಡ್ ಪಕ್ಕಕ್ಕೆ ಬರುವಾಗ ಮೇಲಿರುತ್ತದೆ.

ಕಲೆಕ್ಟಿವ್ ತುದಿಗಳನ್ನು ಪ್ಲಸ್ ಮೈನಸ್ 11 ಡಿಗ್ರಿಗೆ ಇಡಿ. ಎರಡೂ ಕಡೆ ಸಮವಾಗಿರಬೇಕು. ಹೋವರ್‌ಗೆ, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲಲು, ಐದಾರು ಡಿಗ್ರಿ ಸಾಕು. ಹೊಸಬರು ರೇಡಿಯೊದ ಪಿಚ್ ಕರ್ವ್‌ನಲ್ಲಿ ಕೆಳತುದಿಯನ್ನು ಮೈನಸ್ 3ರ ಹತ್ತಿರ ನಿಲ್ಲಿಸಿ. ಗಾಬರಿಯಲ್ಲಿ ಸ್ಟಿಕ್ ಪೂರ್ತಿ ಇಳಿಸಿದರೂ ಹೆಲಿ ಮೈನಸ್ 11ರಷ್ಟು ಜೋರಾಗಿ ನೆಲಕ್ಕೆ ಅಪ್ಪಳಿಸುವುದಿಲ್ಲ.

ಕೊನೆಗೆ ಸೈಕ್ಲಿಕ್ (ಏಲರಾನ್, ಎಲಿವೇಟರ್ ಎರಡೂ ಸೇರಿ) ಮಿತಿ. ಕಲೆಕ್ಟಿವ್ ತುದಿಯಲ್ಲಿಟ್ಟು ಸೈಕ್ಲಿಕ್ ಸ್ಟಿಕ್ಕನ್ನು ಸುತ್ತಲೂ ತಿರುಗಿಸಿ. ಸ್ವಾಶ್ ಎಲ್ಲೂ ಶಾಫ್ಟಿಗೆ, ಫ್ರೇಮಿಗೆ ತಾಗಬಾರದು, ಲಿಂಕ್ ಬಾಗಬಾರದು. ಕಣ್ಣಿಗಿಂತ ಕಿವಿ ಇಲ್ಲಿ ಚುರುಕು. ಸರ್ವೊದ ದನಿ ಬದಲಾದರೆ ಅಲ್ಲೇನೋ ತಾಗಿದೆ.

ಟೇಲ್

ಸರ್ವೊ ನಡುವಿನಲ್ಲಿದ್ದಾಗ ಹಾರ್ನ್ 90 ಡಿಗ್ರಿ ಇರಲಿ, ಸ್ಲೈಡರ್ ಹತ್ತಿರ ಹತ್ತಿರ ನಡುವಿನಲ್ಲಿರಲಿ. ಪೂರ್ತಿ ನಡುವೆ ಬೇಡ. ಮೇಲಿನಿಂದ ನೋಡಿದರೆ ರೋಟರ್ ಗಡಿಯಾರದ ಮುಳ್ಳಿನಂತೆ ತಿರುಗುವ ಹೆಲಿಯಲ್ಲಿ ಮೈ ಅದಕ್ಕೆ ಉಲ್ಟಾ, ಅಂದರೆ ಮೂತಿ ಎಡಕ್ಕೆ ತಿರುಗಲು ನೋಡುತ್ತದೆ. ಟೇಲ್ ಬ್ಲೇಡ್‌ಗಳು ಮೂತಿಯನ್ನು ಬಲಕ್ಕೆ ತಳ್ಳುವ ಕಡೆಗೆ ಕೆಲವೇ ಡಿಗ್ರಿ ವಾಲಿರುವಂತೆ ರಾಡ್ ಉದ್ದ ಹೊಂದಿಸಿ. ಆಮೇಲೆ ಎರಡೂ ತುದಿಗಳ ಮಿತಿ. ಸ್ಲೈಡರ್ ಗೋಡೆಗೆ ತಾಗುವುದಕ್ಕೆ ಕೂದಲೆಳೆ ಮೊದಲು ನಿಲ್ಲಿಸಿ. ತೀರಾ ಒಳಗೆ ನಿಲ್ಲಿಸಿದರೆ ಟೇಲ್‌ಗೆ ಶಕ್ತಿ ಸಾಲದು.

ಮೇಜಿನ ಮೇಲೆ ಸ್ಟಿಕ್ ಬಿಟ್ಟ ಮೇಲೂ ಸ್ಲೈಡರ್ ನಡುವಿಗೆ ಮರಳದೆ ಇದ್ದಲ್ಲೇ ನಿಂತರೆ ಹೆದರಬೇಡಿ. ಮೂತಿಯ ದಿಕ್ಕನ್ನು ಹಿಡಿದಿಡುವ ಹೆಡಿಂಗ್ ಹೋಲ್ಡ್‌ನಲ್ಲಿ ಹಾಗೇ ಆಗಬೇಕು.

ದಿಕ್ಕಿನ ಪರೀಕ್ಷೆ

ರಾಗಿ ಕೂಳೆಯ ಪಾಠ ಇದು. ಸ್ಟಿಕ್ ಸರಿ ಇರುವುದು ಬೇರೆ, ಸೆನ್ಸರ್ ಸರಿ ಇರುವುದು ಬೇರೆ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಟೇಲ್‌ಗೆ ಹೀಗೆ ಮಾಡಿ. ರಡ್ಡರ್ ಸ್ಟಿಕ್ ಬಲಕ್ಕೆ ಕೊಟ್ಟು ಸ್ಲೈಡರ್ ಯಾವ ಕಡೆಗೆ ಹೋಯಿತು ನೋಡಿಕೊಳ್ಳಿ. ಒಳಗೋ, ಹೊರಗೋ. ಬಾಯಿಬಿಟ್ಟು ಹೇಳಿ, ‘ಬಲಕ್ಕೆ ಕೊಟ್ಟರೆ ಒಳಗೆ’. ಈಗ ಸ್ಟಿಕ್ ಬಿಡಿ. ಹೆಲಿಯ ಮೂತಿಯನ್ನು ಕೈಯಲ್ಲಿ ಸರ್ರನೆ ಎಡಕ್ಕೆ ತಿರುಗಿಸಿ. ಯೂನಿಟ್ ಬಲಕ್ಕೆ ತಿದ್ದಬೇಕು, ಹಾಗಾಗಿ ಸ್ಲೈಡರ್ ಮತ್ತೆ ಒಳಗೇ ಹೋಗಬೇಕು. ಹೊರಗೆ ಹೋದರೆ ಸೆನ್ಸರ್ ದಿಕ್ಕು ತಿರುಗಿಸಿ.

ಸ್ವಾಶ್‌ಗೆ ಇನ್ನೂ ಸುಲಭ. ಹೆಲಿಯನ್ನು ಮುಂದಕ್ಕೆ ಬಾಗಿಸಿ, ಸ್ವಾಶ್ ಹಿಂದಕ್ಕೆ ವಾಲಬೇಕು. ಬಲಕ್ಕೆ ಬಾಗಿಸಿ, ಸ್ವಾಶ್ ಎಡಕ್ಕೆ. ತುಂಬಿದ ತಟ್ಟೆ ಹಿಡಿದು ನಡೆಯುವವರ ಹಾಗೆ, ಮೈ ವಾಲಿದರೂ ತಟ್ಟೆ ಮಟ್ಟವಾಗಿರಬೇಕು. ಹೆಲಿಯ ಜೊತೆ ಸ್ವಾಶೂ ಅದೇ ಕಡೆಗೆ ವಾಲಿದರೆ ಉಲ್ಟಾ. ಪಿರುಯೆಟ್ (ನಿಂತಲ್ಲೇ ಸುತ್ತುವುದು) ದಿಕ್ಕು ಕೇಳುವ ಯೂನಿಟ್ ಆದರೆ ಸ್ವಾಶ್ ವಾಲಿಸಿಕೊಂಡ ಸ್ಥಿತಿಯಲ್ಲಿ ಹೆಲಿಯನ್ನು ನಿಂತಲ್ಲೇ ಸುತ್ತಿಸಿ. ನೀವು ಎಷ್ಟು ಸುತ್ತಿಸಿದರೂ ಸ್ವಾಶ್ ಕೋಣೆಯ ಒಂದೇ ಮೂಲೆಯ ಕಡೆಗೆ ವಾಲಿರಬೇಕು.

ಸರ್ವೊ ಬದಲಿಸಿದರೆ, ಯೂನಿಟ್ ಕಿತ್ತು ಅಂಟಿಸಿದರೆ, ಫರ್ಮ್‌ವೇರ್ ಹಾಕಿದರೆ, ಈ ಪರೀಕ್ಷೆ ಮತ್ತೆ ಮೊದಲಿಂದ. ಒಂದು ನಿಮಿಷದ ಕೆಲಸ.

ಮೈದಾನದಲ್ಲಿ

ಜಾಗದ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ದೇವನಹಳ್ಳಿ, ಎಚ್‌ಎಎಲ್, ಜಕ್ಕೂರು, ಯಲಹಂಕ ಅಂತ ನಾಲ್ಕು ಕಡೆ ರನ್‌ವೇ ಇದೆ. ಅದಕ್ಕೇ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಬಣ್ಣ ಇರುವ ಕಡೆಯೇ ಹಾರಿಸಿ. ನಮ್ಮ ಗುಂಪು ಊರಾಚೆ ಹೋಗುತ್ತದೆ, ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳ, ಸುಗ್ಗಿ ಮುಗಿದ ಮೇಲೆ ಹೊಲ. ಹೊಲದವರನ್ನು ಕೇಳಿಯೇ.

ಎಸಿ ಕಾರಿನಿಂದ ಇಳಿಸಿದ ಹೆಲಿಯನ್ನು ಹತ್ತು ನಿಮಿಷ ನೆರಳಲ್ಲಿ ಬಿಡಿ. ತಾಪ ಥಟ್ಟನೆ ಬದಲಾದರೆ ಸೆನ್ಸರ್ ಅಳತೆ ಜಾರುತ್ತದೆ. ಮೋಟರ್ ವೈರ್ ಹಾಕಿ, ದಿಕ್ಕು ಇನ್ನೊಮ್ಮೆ ನೋಡಿ, ಹತ್ತು ಮೀಟರ್ ಹಿಂದೆ ಸರಿದು ಹೆಲಿಯ ಬಾಲದ ಕಡೆ ನಿಲ್ಲಿ.

ರೋಟರ್ ವೇಗ ಹಿಡಿಯುವಾಗ ಸ್ವಾಶ್ ಸ್ವಲ್ಪ ವಾಲಿದಂತೆ ಕಾಣಬಹುದು. ಅದನ್ನು ಸ್ಟಿಕ್‌ನಿಂದ ನೇರ ಮಾಡಲು ಹೋಗಬೇಡಿ. ಹೆಲಿ ನೆಲಕ್ಕೆ ಅಂಟಿಕೊಂಡಿದೆ, ನೀವು ತಿರುಗು ಅಂದರೂ ತಿರುಗುತ್ತಿಲ್ಲ, ಯೂನಿಟ್ ‘ಇನ್ನೂ ಸಾಲದು’ ಅಂತ ಸ್ವಾಶನ್ನು ವಾಲಿಸುತ್ತಲೇ ಹೋಗುತ್ತದೆ. ನೆಲ ಬಿಟ್ಟ ಕೂಡಲೇ ಪಲ್ಟಿ. ಸೈಕ್ಲಿಕ್ ಮುಟ್ಟದೆ, ಪೂರ್ತಿ ವೇಗ ಬಂದ ಮೇಲೆ, ಕಲೆಕ್ಟಿವ್ ಕೊಟ್ಟು ಹಿಂಜರಿಯದೆ ಒಂದು ಮೀಟರ್ ಎತ್ತರಕ್ಕೆ ಎತ್ತಿ. ಅಂಜುತ್ತಾ ಒಂದಿಂಚು ಎತ್ತಿ ಕುಪ್ಪಳಿಸುವುದೇ ಹೆಚ್ಚು ಅಪಾಯ.

ಗೇನ್ ಕಡಿಮೆಯಿಂದ ಶುರು ಮಾಡಿ. ಮೊದಲು ಟೇಲ್. ಬಾಲ ಸರಸರ ಅಲ್ಲಾಡಿದರೆ ಗೇನ್ ಜಾಸ್ತಿ, ಇಳಿಸಿ. ಸೋಮಾರಿಯಂತೆ ಜಾರುತ್ತಿದ್ದರೆ, ಸುತ್ತಿ ನಿಲ್ಲಿಸಿದಾಗ ಮುಂದಕ್ಕೆ ಹೋಗಿ ನಿಂತರೆ ಕಡಿಮೆ, ಏರಿಸಿ. ಎರಡು ಮೂರು ಅಂಕಗಳಷ್ಟೇ ಒಮ್ಮೆಗೆ. ಸ್ವಾಶ್ ಗೇನ್‌ಗೂ ಇದೇ ಲೆಕ್ಕ, ಸೈಕ್ಲಿಕ್ ಕೊಟ್ಟು ಬಿಟ್ಟಾಗ ಹೆಲಿ ಬಿರ್ರನೆ ನಡುಗಿದರೆ ಇಳಿಸಿ. ಯಾವ ಗೇನ್‌ಗೂ ನಡುಕ ಹೋಗದಿದ್ದರೆ ಅದು ಸಂಖ್ಯೆಯ ತೊಂದರೆಯಲ್ಲ. ಬಾಗಿದ ಶಾಫ್ಟ್, ಸವೆದ ಡ್ಯಾಂಪರ್, ಸಡಿಲ ಲಿಂಕ್ ಹುಡುಕಿ. ರೋಟರ್ ವೇಗ ಬದಲಿಸಿದರೆ ಟೇಲ್ ಗೇನ್ ಮತ್ತೆ ಹೊಂದಿಸಬೇಕಾಗುತ್ತದೆ, ವೇಗ ಹೆಚ್ಚಿದರೆ ಗೇನ್ ಇಳಿಸಬೇಕು.

ಮೊದಲ ಬ್ಯಾಟರಿಗೆ ಮೂರು ನಿಮಿಷ ಸಾಕು. ಇಳಿಸಿ, ಬ್ಯಾಟರಿ ಕಳಚಿ, ನಾಲ್ಕೂ ಸರ್ವೊ ಮುಟ್ಟಿ ನೋಡಿ, ಯೂನಿಟ್ ಕೆಳಗಿನ ಟೇಪ್ ಬಿಟ್ಟಿದೆಯಾ ಅಂತ ಬೆರಳಿನಿಂದ ಒತ್ತಿ ನೋಡಿ. ಗೇನ್ ಸಂಖ್ಯೆ, ರೋಟರ್ ವೇಗ, ಆ ದಿನ ಗಾಳಿ ಹೇಗಿತ್ತು, ಒಂದು ಚೀಟಿಯಲ್ಲಿ ಬರೆಯಿರಿ. ನನ್ನ ಚೀಟಿ ಬ್ಯಾಟರಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿದೆ. ಅದರ ಮೊದಲ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಸಂಖ್ಯೆಯಲ್ಲ: ‘ಮೂತಿ ಎಡಕ್ಕೆ, ಸ್ಲೈಡರ್ ಒಳಗೆ’.